ಫ್ಯಾನ್ ಬಂದ್ ಮಾಡ್ರಿ

ನಮ್ಮ ದೊಡ್ಡ ಡಾಕ್ಟರು ತೀರಿಕೊಂಡ ಸುದ್ದಿ ಬಂದಾಗ ನಾನು ಯಾಪಲದಿನ್ನಿಯ ಒಬ್ಬ ಹೆಂಗಸಿನ ಹಲ್ಲು ತುಂಬುತ್ತಿದ್ದೆ. ಕೈಗೆ ಗ್ಲೌಸಿತ್ತು. ಹಾಗಾಗಿ ಕ್ಲಿನಿಕ್ಕಿನಲ್ಲಿ ಕೈಸಹಾಯಕ್ಕಿರುವ ಶಾಂತಮ್ಮ ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಅವರ ಮಗಳು ಒಂದೇ ವಾಕ್ಯ ಹೇಳಿದಳು. 'ಆಯ್ತು, ಮುಗಿಸಿ ಬರ್ತೀನಿ' ಎಂದೆ. ಶಾಂತಮ್ಮ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಹಲ್ಲಿನ ಕಡೆ ತಿರುಗಿದೆ.

ಹೆಂಗಸು ಬೆರಳಿನಿಂದ ತನ್ನ ಕೆಳದುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಂಜೆಕ್ಷನ್ ಕೊಟ್ಟಿದ್ದರಿಂದ ಆ ಭಾಗ ಮರಗಟ್ಟಿತ್ತು.

"ತುಟಿ ಅದನೋ ಇಲ್ಲೋ ಒಮ್ಮೆ ನೋಡ್ರಿ ಡಾಕ್ಟ್ರಮ್ಮ."

"ಅದ. ಅಲ್ಲೇ ಅದ."

"ಅದ ಅಂತೀರಿ, ನನಗ ಗೊತ್ತಾಗವಲ್ದು."

ನನಗೂ ಅಷ್ಟೇ. ಸುದ್ದಿ ಅಲ್ಲೇ ಇತ್ತು, ನನಗೆ ಗೊತ್ತಾಗುತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಾಗಿದೆ ಎಂದು ಹೇಳಲಾರೆ.

ಅವರ ಮನೆಯಲ್ಲಿ ಸೇರಿದವರು ಮಾತಾಡುತ್ತಿದ್ದುದನ್ನು ಮೂಲೆಯಲ್ಲಿ ಕೂತು ಕೇಳಿದೆ. ದೇವರಂಥ ಮನುಷ್ಯ ಎಂದರು. ಕೈಗುಣ ಎಂದರು. ಒಬ್ಬರು ಹೇಳಿದ ಪ್ರಸಂಗವನ್ನೇ ಇನ್ನೊಬ್ಬರು ಬೇರೆ ಊರಿಗೆ, ಬೇರೆ ಹಲ್ಲಿಗೆ ಹಾಕಿ ಹೇಳಿದರು. ಯಾರೂ ಸುಳ್ಳು ಹೇಳಲಿಲ್ಲ. ಆದರೆ ಅವರು ಹೇಳಿದ ಮನುಷ್ಯನ ಜೊತೆ ನಾನು ಕೆಲಸ ಮಾಡಿದ ನೆನಪಿಲ್ಲ. ನನ್ನ ನೆನಪನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ಎರಡು ದಿನ ಬಿಟ್ಟರೆ ಅದೂ ಅಂಚುಗಳನ್ನು ಉಜ್ಜಿ ನುಣುಪು ಮಾಡಿಕೊಂಡು ಕೂತಿರುತ್ತದೆ. ಆದ್ದರಿಂದ ಗುಣಗಳನ್ನು ಬಿಟ್ಟು ಫ್ಯಾನಿನಿಂದ ಶುರು ಮಾಡುತ್ತೇನೆ. ಫ್ಯಾನು ಖರೆ.

ಪ್ರತಿ ಹಲ್ಲು ತುಂಬಿದ ಮೇಲೆ ಅವರು ಹೇಳುತ್ತಿದ್ದರು: "ಫ್ಯಾನ್ ಬಂದ್ ಮಾಡ್ರಿ."

ರಾಯಚೂರಿನ ಬೇಸಿಗೆಯಲ್ಲಿ ಹಾಗೆ ಹೇಳುವುದೆಂದರೆ ಏನೆಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಶಾಂತಮ್ಮ ಸ್ವಿಚ್ ಒತ್ತುತ್ತಿದ್ದಳು. ರೆಕ್ಕೆಗಳು ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗಿ ನಿಲ್ಲುವವರೆಗೆ ಎಲ್ಲರೂ ಕಾಯಬೇಕು. ಕುರ್ಚಿಯಲ್ಲಿದ್ದವರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆಮೇಲೆ ಅವರು ಮೇಣ ಸವರಿದ ದಾರವನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಹಲ್ಲು ಮತ್ತು ಪಕ್ಕದ ಹಲ್ಲಿನ ನಡುವೆ ಇಳಿಸುತ್ತಿದ್ದರು. ತಲೆ ಸ್ವಲ್ಪ ವಾಲಿಸಿ, ಕಣ್ಣು ಬೇರೆಲ್ಲೋ ಇಟ್ಟು. ಟಕ್ ಎನ್ನುವ ಸಣ್ಣ ಸದ್ದು. "ಹಾಂ. ಹಾಕ್ರಿ." ಫ್ಯಾನು ಮತ್ತೆ ತಿರುಗುತ್ತಿತ್ತು.

"ಸರ್ ಕೈಯಾಗ ಬ್ಯಾಸಿಗಿ ಬಂದ್ ಮಾಡೋ ಸ್ವಿಚ್ ಒಂದು ಕೊಡಬೇಕಿತ್ತು ನೋಡ್ರಿ," ಎಂದು ಶಾಂತಮ್ಮ ಅವರ ಎದುರೇ ಹೇಳುತ್ತಿದ್ದಳು. ಅವರು ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ.

ಕಾರಣ ನನಗೆ ಗೊತ್ತಾದದ್ದು ಮಾನ್ವಿಯಲ್ಲಿ, ಒಂದು ಚಹಾದಂಗಡಿಯಲ್ಲಿ. ವಾರದಲ್ಲಿ ಒಂದು ದಿನ ಮಾನ್ವಿಗೆ, ಒಂದು ದಿನ ದೇವದುರ್ಗಕ್ಕೆ ರೋಗಿಗಳನ್ನು ನೋಡಲು ಅವರ ಹಳೆಯ ಕಾರಿನಲ್ಲಿ ಹೋಗುತ್ತಿದ್ದೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಹೇಳಿದ್ದೆವು. ಅಂಗಡಿಯವನು ಗಾಜಿನ ಲೋಟವನ್ನು ಅಂಚು ಹಿಡಿದು ತಂದು ಮೇಜಿನ ಮೇಲಿಟ್ಟ. ಇವರು ಅದನ್ನು ಇಡಿಯಾಗಿ ಹಿಡಿದುಕೊಂಡು ನನ್ನ ಜೊತೆ ಏನೋ ಮಾತಾಡುತ್ತಲೇ ಇದ್ದರು.

"ಸಾಹೇಬ್ರ, ಸುಡ್ತದ್ರೀ! ಬಿಡ್ರಿ!" ಎಂದು ಅಂಗಡಿಯವನು ಕೂಗಿದ.

ಅವರು ಲೋಟ ಕೆಳಗಿಟ್ಟು ಬೆರಳು ನೋಡಿಕೊಂಡರು. ತುದಿಗಳು ಕೆಂಪಾಗಿದ್ದವು. ಬೇರೆಯವರ ಬೆರಳು ನೋಡುವ ಹಾಗೆ ನೋಡುತ್ತಿದ್ದರು.

ಕಾರಿನಲ್ಲಿ ಕೂತ ಮೇಲೆ ಹೇಳಿದರು. "ತುದಿ ಹೋಗ್ಯಾವವಾ. ಸಕ್ಕರಿ ಬ್ಯಾನಿ. ಕಾಲಾಗ ಶುರುವಾತು, ಈಗ ಕೈಗೆ ಬಂದದ."

"ಮತ್ತ ದಾರ ಹೆಂಗ ಗೊತ್ತಾಗ್ತದ ಸರ್?"

"ಕೇಳತೀನಲ್ಲ. ಅದಕ್ಕ ಫ್ಯಾನ್."

ಕಲ್ಲೂರು ದಾಟಿದೆವು. ಆಮೇಲೆ ಅವರೇ ಒಪ್ಪಂದ ಹೇಳಿದರು. "ನನ್ನ ಹಿಂದ ನೀನೂ ಒಮ್ಮೆ ದಾರ ಹಾಕಿ ನೋಡು. ಸಂದಿ ಬಿಟ್ಟ ದಿನ ಹೇಳಿಬಿಡು. ಪೇಶಂಟ್ ಮುಂದೇ ಹೇಳು, ನನ್ನ ಮುಖ ನೋಡಬ್ಯಾಡ. ಅವತ್ತಿಗೆ ಕೈ ಬಿಟ್ಟೆ."

"ಈಗಿಂದ ದಾರ ನಾನೇ ಹಾಕ್ತೀನಿ ಬಿಡ್ರಿ ಸರ್."

"ಎಲ್ಲಾ ನೀನ ಮಾಡಿದ್ರ ನಾ ಯಾಕ ಬರಬೇಕು ಮಾನ್ವಿಗೆ? ಮಿರ್ಚಿ ತಿನ್ನಾಕ?"

ಅವತ್ತಿನಿಂದ ಪ್ರತಿ ಸಲ ಫ್ಯಾನು ನಿಂತಾಗಲೂ ನಾನೂ ಕಿವಿಗೊಟ್ಟು ನಿಲ್ಲುತ್ತಿದ್ದೆ. ಟಕ್ ಅಂದರೆ ಅವರು ಇನ್ನೊಂದು ದಿನ ಡಾಕ್ಟರು. ಇದನ್ನು ಹೀಗೆ ಬರೆದಾಗ ನಾಟಕದ ಹಾಗೆ ಕಾಣುತ್ತದೆ. ಹಾಗಿರಲಿಲ್ಲ. ಹೆಚ್ಚಿನ ದಿನ ಟಕ್ ಎನ್ನುತ್ತಿತ್ತು, ನಾವು ಊಟಕ್ಕೆ ಹೋಗುತ್ತಿದ್ದೆವು.

ಹಲ್ಲಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ಹಲ್ಲುಗಳ ನಡುವೆ ಹುಳುಕಾದರೆ, ಕೆರೆದು ತೆಗೆದ ಮೇಲೆ ಹಲ್ಲಿನ ಒಂದು ಬದಿಯ ಗೋಡೆಯೇ ಇರುವುದಿಲ್ಲ. ಅಲ್ಲಿ ಸಿಮೆಂಟಿನಂಥ ಮಸಾಲೆ ತುಂಬಿದರೆ ಪಕ್ಕದ ಹಲ್ಲಿಗೆ ಹೋಗಿ ಅಂಟುತ್ತದೆ. ಅದಕ್ಕೆ ಮೊದಲು ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ನಿಲ್ಲಿಸಿ, ಅದರ ಬುಡಕ್ಕೆ ಕಟ್ಟಿಗೆಯ ಸಣ್ಣ ಬೆಣೆ ಜಡಿಯುತ್ತೇವೆ. ಪಟ್ಟಿಗೆ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅವರು ಪತ್ರಾ ಎನ್ನುತ್ತಿದ್ದರು, ಮನೆಯ ಮೇಲೆ ಹೊದಿಸುವ ತಗಡಿಗೆ ಅನ್ನುವ ಹಾಗೆ. ರೋಗಿಗಳಿಗೆ ಹೇಳುವಾಗ, "ಸ್ಲ್ಯಾಬ್ ಹಾಕೋಮುಂದ ಸೆಂಟ್ರಿಂಗ್ ಕಟ್ತಾರಲ್ಲ, ಹಂಗ ತಿಳ್ಕೋರಿ." ದೇವದುರ್ಗದ ಒಬ್ಬ ಗಾರೆ ಕೆಲಸದ ಗೌಂಡಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದ್ದ: "ಹಂಗಾರ ನೀರು ಹೊಡಿಯೋದು ನೀವಾ, ನಾನಾ?"

ಪತ್ರಾದಲ್ಲಿ ಎರಡು ಪದ್ಧತಿ. ಹಳೆಯದು ಹಲ್ಲಿನ ಸುತ್ತಲೂ ಸುತ್ತಿ ತಿರುಪಿನಿಂದ ಬಿಗಿಯುವ ಪಟ್ಟಿ. ಎಷ್ಟು ಬಿಗಿಯಬೇಕು, ಪಕ್ಕದ ಹಲ್ಲಿಗೆ ಎಷ್ಟು ಒತ್ತಬೇಕು ಎಂಬುದನ್ನು ಬೆರಳೇ ಹೇಳಬೇಕು. ಹೊಸದು ಒಂದೇ ಬದಿಗೆ ಕೂರುವ, ಮೊದಲೇ ಬಾಗಿದ ಸಣ್ಣ ಎಲೆ. ಅದರ ಮೇಲೆ ಒಂದು ಸ್ಪ್ರಿಂಗಿನ ಉಂಗುರ. ಉಂಗುರ ಎರಡೂ ಹಲ್ಲುಗಳನ್ನು ತಾನೇ ಕೂದಲೆಳೆಯಷ್ಟು ದೂರ ತಳ್ಳಿ ಹಿಡಿಯುತ್ತದೆ. ತೆಗೆದಾಗ ಹಲ್ಲುಗಳು ಹಿಂದಕ್ಕೆ ಬಂದು ಒಂದಕ್ಕೊಂದು ಬಿಗಿಯಾಗಿ ತಾಗುತ್ತವೆ. ಬಿಗಿ ಇದ್ದರೆ ದಾರ ಟಕ್ ಎಂದು ಇಳಿಯುತ್ತದೆ. ಇಲ್ಲದಿದ್ದರೆ ಸದ್ದಿಲ್ಲದೆ ಜಾರುತ್ತದೆ. ಅಲ್ಲಿ ಉಂಡದ್ದೆಲ್ಲ ಸಿಕ್ಕಿಕೊಂಡು ಒಸಡು ಬಾಯುತ್ತದೆ, ಹಲ್ಲು ಮತ್ತೆ ಕೊಳೆಯುತ್ತದೆ.

ಈ ಉಂಗುರವನ್ನು ಕ್ಲಿನಿಕ್ಕಿಗೆ ತಂದವಳು ನಾನು. ಅವರು ಚಿಮಟಿಯಲ್ಲಿ ಎತ್ತಿ ನೋಡಿ, "ಮೂಗುದಾರ ತಂದೀಯಲ್ಲವಾ, ಎತ್ತು ಎಲ್ಲದ?" ಎಂದಿದ್ದರು. ಮೊದಲ ಸಲ ಹಾಕಿದಾಗ ಅದು ಸರಿಯಾಗಿ ಕೂರದೆ ಚಿಮ್ಮಿ, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಗೆ ಬಡಿದು, ತೊಟ್ಟಿಯೊಳಗೆ ಬಿತ್ತು. "ನೋಡು, ಲಕ್ಷ್ಮೀನೂ ಒಲ್ಲೆ ಅಂದ್ಲು." ಆಮೇಲೆ ಕೆಲವು ತಿಂಗಳಲ್ಲಿ ಅವರು ಉಂಗುರ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನಾನು ಅವರನ್ನು ಬದಲಾಯಿಸಿದೆ ಎಂದು ಬಹಳ ದಿನ ತಿಳಿದಿದ್ದೆ. ಚಹಾದಂಗಡಿಯ ನಂತರ ಇನ್ನೊಂದು ಹೊಳೆಯಿತು: ಬೆರಳು ಹೇಳದ್ದನ್ನು ಸ್ಪ್ರಿಂಗು ತಾನಾಗಿ ಮಾಡುತ್ತಿತ್ತು. ಎರಡರಲ್ಲಿ ಯಾವುದು ನಿಜವೋ ಅವರನ್ನು ಕೇಳಲಿಲ್ಲ. ಎರಡನ್ನೂ ಇಲ್ಲಿ ಇಟ್ಟಿದ್ದೇನೆ. ಫ್ಯಾನಿನ ವಿಷಯವೂ ಹಾಗೇ. ಅದು ಸಕ್ಕರೆಯ ಕಾಯಿಲೆಗಿಂತ ಮೊದಲಿನ ಚಟ ಎಂದು ಶಾಂತಮ್ಮ ಒಮ್ಮೆ ಹೇಳಿದಳು. ಇನ್ನೊಮ್ಮೆ, ನೀವು ಬರೋದಕ್ಕಿಂತ ಸ್ವಲ್ಪ ಮುಂಚೆ ಶುರುವಾದದ್ದು ಎಂದಳು.

ಅವರ ಹಣೆಯಲ್ಲಿ ಮಾಧ್ವ ಬ್ರಾಹ್ಮಣರ ಅಂಗಾರ, ಅಕ್ಷತೆ ಇರುತ್ತಿತ್ತು. ಅದರ ಮೇಲೆ ಲೈಟಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಆ ಹಣೆ ಹೊತ್ತುಕೊಂಡು ಪ್ರತಿಯೊಬ್ಬರನ್ನೂ ಮೊದಲು ಕೇಳುತ್ತಿದ್ದುದು, "ಮಾಂಸ ತಿಂತೀರೇನು?"

ದೇವದುರ್ಗದಲ್ಲಿ ಒಬ್ಬ ಎದ್ದು ಕೂತುಬಿಟ್ಟ. ಹೊಲದ ಕೆಲಸದ, ಅಗಲ ಭುಜದ ಮನುಷ್ಯ. "ಯಾಕ್ರೀ? ತಿಂದ್ರ ಮುಟ್ಟಂಗಿಲ್ಲೇನು? ಹಲ್ಲಿಗೂ ಜಾತಿ ಕೇಳಾಕತ್ತೀರಿ?"

ಶಾಂತಮ್ಮ ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು. ಇವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಗಿ, ಕಿವಿ ಕೆಂಪಾದವು.

"ಹಂಗಲ್ಲೋ ಮಾರಾಯಾ. ಬ್ಯಾಳಿ ಉಣ್ಣೋರಿಗೆ ಸಂದಿ ಜರಾ ಹೆಚ್ಚುಕಮ್ಮಿ ಆದ್ರೂ ತಡೀತದ. ಕುರಿ ನಾರು ಬಿಡಂಗಿಲ್ಲ. ಸಣ್ಣ ಸಂದಿ ಸಿಕ್ರೂ ಹೊಕ್ಕು ಕುಂಡ್ರತದ. ಅದಕ್ಕ ಕೇಳಿದೆ, ಎಷ್ಟು ಬಿಗಿ ಬೇಕು ಅಂತ."

ಆ ಮನುಷ್ಯ ಸ್ವಲ್ಪ ಹೊತ್ತು ಅವರ ಹಣೆಯನ್ನೇ ನೋಡಿದ. ಆಮೇಲೆ ಮಲಗಿದ. "ಹಂಗಾರ ಕುರಿ ಲೆಕ್ಕಕ್ಕ ಬಿಗೀರಿ."

ಮುಂದಿನ ವಾರ ಬಾಗಿಲಲ್ಲೇ ನಿಂತು, ಒಳಗೆ ಕೂತವರಿಗೆಲ್ಲ ಕೇಳುವ ಹಾಗೆ ಕೂಗಿದ: "ಡಾಕ್ಟ್ರೇ, ಕುರಿ ಪಾಸಾತ್ರೀ!"

ಈ ಪ್ರಸಂಗವನ್ನು ಅವರ ಮನೆಯಲ್ಲಿ ಆ ದಿನ ಇಬ್ಬರು ಹೇಳಿದರು. ಇಬ್ಬರೂ ಕಿವಿ ಕೆಂಪಾದದ್ದನ್ನು ಬಿಟ್ಟಿದ್ದರು. ಆ ಪ್ರಶ್ನೆ ಆ ಹಣೆಯಿಂದ ಬಂದರೆ ಕೇಳಿದವನಿಗೆ ಹೇಗಾಗುತ್ತದೆ ಎಂದು ಅಷ್ಟು ವರ್ಷ ಅವರಿಗೆ ಹೊಳೆದಿರಲೇ ಇಲ್ಲ. ಆಮೇಲೆ ಪ್ರಶ್ನೆ ಬದಲಾಯಿತು. "ನಿಮ್ಮ ಹಲ್ಲಾಗ ಏನು ಸಿಗತದ?" ಎಂದು ಕೇಳತೊಡಗಿದರು. ಜನ ಬಾಯಿಬಿಟ್ಟು ಹೇಳುತ್ತಿದ್ದರು: ಮಾವಿನ ನಾರು, ಹುಣಸಿ ಚಿಗುರು, ಕುರಿ, ಕೋಳಿ, ಕೊಬ್ಬರಿ. ಮಲ್ಲಟದ ಒಬ್ಬಳು ಮುದುಕಿ, "ಸೊಸಿ ಮಾತು" ಎಂದಳು.

ಒಳ್ಳೆಯದನ್ನೇ ಬರೆಯುತ್ತಿದ್ದೇನೆ ಅನ್ನಿಸಿ ಇಲ್ಲಿ ನಿಲ್ಲಿಸುತ್ತೇನೆ. ಅವರು ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ಬೆಣೆ ಹಿಂದುಮುಂದಾಗಿ ಕೊಟ್ಟರೆ ಮಾತಾಡದೆ ನೆಲಕ್ಕೆ ಎಸೆಯುತ್ತಿದ್ದರು. ಸಕ್ಕರೆ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ ಚೀಟಿಯನ್ನು ಮಡಚಿ ಕಿಸೆಗಿಟ್ಟು, ಅದೇ ಕಿಸೆಯಿಂದ ಪೇಡೆ ತೆಗೆದು ತಿನ್ನುತ್ತಿದ್ದರು. "ಯಾಕ್ರೀ ಸರ್" ಎಂದರೆ, "ನಾಲಿಗಿ ಇನ್ನೂ ಛಲೋ ಅದ" ಎನ್ನುತ್ತಿದ್ದರು. ಇವೂ ಅವರೇ.

ಒಂದು ಕೆಲಸ ಮಾತ್ರ ನಾನು ಅವರಿಂದ ಎತ್ತಿಕೊಂಡು ಇವತ್ತಿಗೂ ಮಾಡುತ್ತೇನೆ. ಕೊಳೆತ ಹಲ್ಲು ಮುಟ್ಟುವ ಮೊದಲು, ಬಾಯಿಯ ಇನ್ನೊಂದು ಬದಿಯ ಚೆನ್ನಾಗಿರುವ ಹಲ್ಲುಗಳ ನಡುವೆ ದಾರ ಇಳಿಸಿ ನೋಡುತ್ತಿದ್ದರು. ಒಂದೊಂದು ಬಾಯಿಗೆ ಒಂದೊಂದು ಬಿಗಿ ಇರುತ್ತದೆ. "ಈ ಬಾಯಿ ತನಗ ಎಷ್ಟು ಬೇಕು ಅಂತ ಆಗಲೇ ಹೇಳ್ಯದ. ನಾವು ಹೆಚ್ಚು ಶಾಣ್ಯಾತನ ಮಾಡಬಾರದು."

ಸಂದಿ ಬಿಟ್ಟ ಆ ದಿನ ಮಾನ್ವಿಯಲ್ಲಿ ಬಂತು.

ಬಾಗಲವಾಡದಿಂದ ಬಂದ ಹೆಂಗಸು. ಹಿಂದಿನ ದವಡೆ ಹಲ್ಲು, ಎರಡೂ ಬದಿ ಹೋಗಿತ್ತು, ಒಂದು ಮೂಲೆಯೂ ಮುರಿದಿತ್ತು. ಅವರು ಕೆರೆದು ತೆಗೆದರು. ನಾನು ಎಂದಿನ ಹಾಗೆ ಉಂಗುರದ ಡಬ್ಬಿ ತೆರೆದು ಹಿಡಿದೆ. ಅವರು ಕನ್ನಡಿಯಲ್ಲಿ ಹಲ್ಲನ್ನು ನೋಡುತ್ತಲೇ ಇದ್ದರು. ಬಹಳ ಹೊತ್ತು.

ನನಗೂ ಕಾಣುತ್ತಿತ್ತು. ಉಂಗುರಕ್ಕೆ ಹಿಡಿಯಲು ಆ ಹಲ್ಲಿನಲ್ಲಿ ಮೂಲೆಯೇ ಇರಲಿಲ್ಲ. ಒತ್ತಾಯದಿಂದ ಕೂರಿಸಿದರೆ ಅದು ಎಲೆಯನ್ನು ಮುರಿದ ಜಾಗದೊಳಕ್ಕೆ ಅದುಮಿ, ಗೋಡೆ ಒಳಕ್ಕೆ ಕುಸಿದ ಆಕಾರ ಬರುತ್ತಿತ್ತು. ಆದರೆ ಮೇಲಿನ ಅಂಚಿನಲ್ಲಿ ಪಕ್ಕದ ಹಲ್ಲಿಗೆ ತಾಗುತ್ತಿತ್ತು. ದಾರ ಹಾಕಿದರೆ ಟಕ್ ಎನ್ನುತ್ತಿತ್ತು. ಆ ಹಲ್ಲಿಗೆ ಸರಿಯಾದದ್ದು ಸುತ್ತ ಸುತ್ತುವ ಹಳೆಯ ಪಟ್ಟಿ, ಬೆರಳು ಬೇಡುವ ಪಟ್ಟಿ.

"ಅದು ಬ್ಯಾಡ," ಎಂದು ಉಂಗುರದ ಡಬ್ಬಿಯನ್ನು ಮೊಣಕೈಯಿಂದ ಸರಿಸಿದರು. "ಹಳೇದು ಕೊಡು."

"ಸರ್..."

"ಕೊಡು ಅಂದ್ನಲ್ಲ."

ಕೊಟ್ಟೆ. ಸುತ್ತಿದರು, ತಿರುಪು ಬಿಗಿದರು, ಬೆಣೆ ಜಡಿದರು, ಪಟ್ಟಿಯನ್ನು ಒಳಗಿನಿಂದ ಪಕ್ಕದ ಹಲ್ಲಿಗೆ ಒತ್ತಿ ಸವರಿದರು. ಎಲ್ಲವನ್ನೂ ಕಣ್ಣಿನಿಂದ ಮಾಡಿದರು. ತುಂಬಿದರು. ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಪಟ್ಟಿ ಬಿಚ್ಚಿದರು.

"ಫ್ಯಾನ್ ಬಂದ್ ಮಾಡ್ರಿ."

ರೆಕ್ಕೆಗಳು ನಿಂತವು. ಹೊರಗೆ ಯಾರೋ ಮೋಟಾರ್‌ಸೈಕಲ್ ಒದೆಯುತ್ತಿದ್ದರು, ಅದೂ ನಿಂತಿತು. ಅವರು ದಾರ ಇಳಿಸಿದರು. ಹಿಂದಿನ ಬದಿ ಟಕ್ ಎಂದಿತು. ಮುಂದಿನ ಬದಿಯಲ್ಲಿ ದಾರ ಕೆಳಗೆ ಹೋಯಿತು, ಮೇಲೆ ಬಂತು. ಇನ್ನೊಮ್ಮೆ ಹೋಯಿತು, ಬಂತು. ಅವರು ತಲೆಯನ್ನು ಇನ್ನಷ್ಟು ವಾಲಿಸಿದರು.

"ನೀ ನೋಡು."

ನೋಡಿದೆ. ದಾರ ನೀರಿನಲ್ಲಿ ಹೋದ ಹಾಗೆ ಹೋಯಿತು. ಅವರ ಮುಖ ನೋಡಬಾರದೆಂದು ಹೇಳಿದ್ದರಲ್ಲ, ಟ್ರೇ ನೋಡುತ್ತ ಹೇಳಿದೆ. "ಬಿಟ್ಟದ ಸರ್."

"ಫ್ಯಾನ್ ಹಾಕ್ರಿ," ಎಂದರು.

ಆಮೇಲೆ ಎದ್ದು ಆ ಹೆಂಗಸಿಗೆ ಹೇಳಿದರು: "ಯವ್ವಾ, ಇನ್ನೊಮ್ಮೆ ಮಾಡಬೇಕಾಗ್ತದ. ನನ್ನ ಕೈಲೆ ಬರೋಬ್ಬರಿ ಬರಲಿಲ್ಲ. ಈ ಡಾಕ್ಟ್ರಮ್ಮ ಮಾಡ್ತಾರ."

"ಯಾರರೆ ಮಾಡ್ರಿ ಯಪ್ಪಾ, ಬಸ್ಸಿನ ಯಾಳ್ಯಾಕ್ಕ ಬಿಡ್ರಿ. ಬಸ್ ತಪ್ಪಿದ್ರ ನಿಮ್ಮ ಮನಿಗೇ ಬರ್ತೀನಿ ಉಣ್ಣಾಕ."

"ಬಾರವ್ವ. ಬ್ಯಾಳಿ ಸಿಗತದ ಅಷ್ಟ."

ಅವರು ಕೂರುವ ಸ್ಟೂಲಿನ ಮೇಲೆ ನಾನು ಕೂತೆ. ಬಿಟ್ಟ ಬದಿಯನ್ನು ಕೆರೆದು, ಹಳೆಯ ಪಟ್ಟಿಯನ್ನೇ ಮತ್ತೆ ಸುತ್ತಿದೆ. ನನ್ನ ಬೆರಳು ಹೇಳಿದಷ್ಟು ಬಿಗಿದೆ. ಅವರು ಪಕ್ಕದಲ್ಲಿ ನಿಂತು ಎಂಜಲು ಎಳೆಯುವ ಕೊಳವೆ ಹಿಡಿದಿದ್ದರು. ಕೇಳುವ ಮೊದಲೇ ಸರಿಯಾದ ಬೆಣೆ ಕೈಗೆ ಬರುತ್ತಿತ್ತು. ದಾರ ಹಾಕುವಾಗ ಫ್ಯಾನ್ ಬಂದ್ ಮಾಡಿ ಎಂದು ನಾನು ಹೇಳಲಿಲ್ಲ. ಬೆರಳಿಗೆ ತಿಳಿಯಿತು.

ವಾಪಸು ಬರುವಾಗ ಅದೇ ಚಹಾದಂಗಡಿ. ಅವರು ಕರವಸ್ತ್ರ ಮಡಚಿ ಲೋಟದ ಸುತ್ತ ಸುತ್ತಿಕೊಂಡು ಕುಡಿದರು. "ಉಂಗುರ ಹಾಕಿದ್ರ ಸದ್ದು ಬರ್ತಿತ್ತು," ಎಂದೆ. "ಬರ್ತಿತ್ತು," ಎಂದರು. ಅಷ್ಟೇ. ನನಗೆ ಅಳು ಬಂತು ಎಂದು ಬರೆಯಲು ಕೈ ಹೋಗುತ್ತಿದೆ. ಬರಲಿಲ್ಲ.

ಆಮೇಲೆ ಅವರು ಹಲ್ಲು ಮುಟ್ಟಲಿಲ್ಲ. ರಾಯಚೂರಿನ ಕ್ಲಿನಿಕ್ಕಿನಲ್ಲಿ ಸಂಜೆ ಬಂದು ಹೊರಗಿನ ಬೆಂಚಿನ ಮೇಲೆ ಕೂತು, ಬಂದವರ ಹಲ್ಲಿನಲ್ಲಿ ಏನು ಸಿಗುತ್ತದೆ ಎಂದು ಕೇಳುತ್ತಿದ್ದರು. ದೇವದುರ್ಗಕ್ಕೆ ನಾನೊಬ್ಬಳೇ ಹೋದೆ. ಕುರಿ ಪಾಸು ಮಾಡಿದವನು ಬಾಗಿಲಲ್ಲಿ ಇಣುಕಿ, "ದೊಡ್ಡ ಡಾಕ್ಟ್ರು?" ಎಂದ. "ಬರಂಗಿಲ್ಲ" ಎಂದೆ. ಅವನು ಒಳಗೆ ಬರದೆ ಹೋದ.

ಒಂದು ಸಂಜೆ ಅವರು ಬೆಂಚಿನಿಂದ ಎದ್ದು ಒಳಗೆ ಬಂದು ನೇರ ಕುರ್ಚಿಯಲ್ಲಿ ಮಲಗಿದರು. "ನನ್ನ ಹಲ್ಲಾಗೂ ಸಿಗಾಕತ್ತದ. ನೋಡು."

ನೋಡಿದೆ. ಎರಡು ದವಡೆ ಹಲ್ಲುಗಳ ನಡುವೆ ಹುಳುಕು. ಇನ್ನೊಂದು ಬದಿಯಲ್ಲಿ ದಾರ ಇಳಿಸಿ ಅವರ ಬಾಯಿಯ ಬಿಗಿ ನೋಡಿದೆ. ಬಹಳ ಬಿಗಿ.

"ಯಾವುದು ಹಾಕ್ಲಿ ಸರ್?"

"ಪೇಶಂಟ್ ಹೇಳಂಗಿಲ್ಲ."

ಮೂಲೆಗಳು ಗಟ್ಟಿಯಿದ್ದವು, ಒಂದೇ ಬದಿ ಹೋಗಿತ್ತು. ಉಂಗುರ ಹಾಕಿದೆ. "ಮೂಗುದಾರ," ಎಂದರು, ಇಂಜೆಕ್ಷನ್ನಿನಿಂದ ಜೋತುಬಿದ್ದ ತುಟಿಯಲ್ಲಿ. ತುಂಬಿ ಮುಗಿಸಿದೆ. ಯಾರೂ ಹೇಳದೆಯೇ ಶಾಂತಮ್ಮ ಹೋಗಿ ಸ್ವಿಚ್ ಒತ್ತಿದಳು. ನಾವು ಮೂವರೂ ರೆಕ್ಕೆಗಳು ನಿಲ್ಲುವುದನ್ನು ನೋಡಿದೆವು. ದಾರ ಇಳಿಸಿದೆ. ಟಕ್.

ಅವರ ಕಣ್ಣು ಅಗಲವಾದವು. ಕೈ ಎತ್ತಿ ನನ್ನನ್ನು ನಿಲ್ಲಿಸಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಇನ್ನೊಮ್ಮೆ ಇಳಿಸಿದೆ. ಟಕ್. ಅವರು ಎದ್ದು ಕೂತು, ಬಾಯಿ ಒರೆಸಿಕೊಂಡರು.

"ಏ ತಂಗಿ, ಇದು ಒಳಗ ಎಷ್ಟು ಜೋರು ಕೇಳಸ್ತದ! ತಲಿಯಾಗ ಕಡ್ಡಿ ಮುರದಂಗ."

"ಹೌದ್ರೀ ಸರ್?"

"ಕಿವಿ ಮುಚ್ಚಿದ್ರೂ ಕೇಳಸ್ತದ." ನಿಂತ ಫ್ಯಾನನ್ನು ನೋಡಿದರು. "ಇಷ್ಟು ದಿನ ಮಂದೀನ್ನ ಸುಮ್ಮನ ಬೆವರಿಸಿದ್ನಲ್ಲ. ಅವರನ್ನ ಕೇಳಿದ್ರ ಅವರ ಹೇಳ್ತಿದ್ರು."

ನಕ್ಕರೋ ಇಲ್ಲವೋ ಹೇಳಲಾರೆ. ಮುಖದ ಅರ್ಧ ಮಾತ್ರ ಅಲುಗಿತು, ಇನ್ನರ್ಧ ಮರಗಟ್ಟಿತ್ತು.

ಕೇಳಿದ್ದರೆ ಅವರು ಇನ್ನೂ ಕೆಲವು ವರ್ಷ ಕೆಲಸ ಮಾಡುತ್ತಿದ್ದರೇ? ಇಲ್ಲ. ಬಾಗಲವಾಡದ ಹೆಂಗಸನ್ನು ಕೇಳಿದ್ದರೂ ಅವಳು ಸದ್ದು ಬರಲಿಲ್ಲ ಎಂದೇ ಹೇಳುತ್ತಿದ್ದಳು. ಆದರೆ ಫ್ಯಾನು ನಿಂತ ಆ ಕೋಣೆಯಲ್ಲಿ ಎಲ್ಲರಿಗಿಂತ ಹತ್ತಿರದಿಂದ ಕೇಳಿಸಿಕೊಳ್ಳುತ್ತಿದ್ದವಳು ಅವಳೇ. ಅವಳನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸುದ್ದಿ ಬಂದ ದಿನಕ್ಕೆ ವಾಪಸು ಬರುತ್ತೇನೆ. ಯಾಪಲದಿನ್ನಿಯ ಹೆಂಗಸಿನ ಹಲ್ಲಿನಿಂದ ಉಂಗುರ ತೆಗೆದೆ, ಎಲೆ ತೆಗೆದೆ, ಬೆಣೆ ತೆಗೆದೆ. ಶಾಂತಮ್ಮ ಕಣ್ಣೊರೆಸಿಕೊಂಡು ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು. ಬೇಡ ಎಂದು ತಲೆಯಾಡಿಸಿದೆ. ದಾರ ಇಳಿಸಿದೆ.

"ಕೇಳಿಸ್ತೇನವ್ವಾ?"

ಅವಳು ತನ್ನದಲ್ಲದ ತುಟಿಯನ್ನು ಹಿಡಿದುಕೊಂಡು ಸ್ವಲ್ಪ ಯೋಚಿಸಿದಳು.

"ಹ್ಞೂಂ. ಬಂತ್ರೀ."

ಫ್ಯಾನು ತಿರುಗುತ್ತಲೇ ಇತ್ತು.